ಇವತ್ತು ಹತ್ತುವುದಿಲ್ಲ

ಕೇಳುಗರಿಗೆ ನಮಸ್ಕಾರ.

ಶಿರಸಿ ಕಡೆಯ ಆಷಾಢದ ಮಳೆ ನಿಮಗೆ ಗೊತ್ತೇ ಇದೆ. ಅಡಿಕೆಗೆ ಕೊಳೆರೋಗ ತಾಗುವ ಮೊದಲು ಮದ್ದು ಹೊಡೆದು ಮುಗಿಸಬೇಕು. ಅವತ್ತು ಮಳೆ ಸ್ವಲ್ಪ ಹೊಳವಾಗಿತ್ತು. ಮೈಲುತುತ್ತ, ಸುಣ್ಣ ಕಲಸಿ ಬ್ಯಾರಲ್ ತುಂಬಿಸಿಟ್ಟಿದ್ದೆ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಬಂದ. ಅಂಗೈಯಲ್ಲಿ ಮರ ಸವರಿ ನೋಡಿದ. "ಹೆಗಡೇರೆ, ಜಾರ್ತದೆ. ಇವತ್ತು ಹತ್ತೂದಿಲ್ಲ" ಅಂದ.

ಕಲಸಿದ ಮದ್ದು ನಾಳೆಗೆ ಬರುವುದಿಲ್ಲ. ನನಗೆ ಸಿಟ್ಟು ಬಂತು. "ಇಷ್ಟಕ್ಕೆಲ್ಲ ಹೆದರಿದರೆ ಹೇಗೋ?" ಅಂದುಬಿಟ್ಟೆ.

ಆ ಮಾತು ತಪ್ಪು. ಕಡಲು ಎದ್ದ ದಿನ ದೋಣಿ ಇಳಿಸದವನನ್ನು ಕಾರವಾರದ ಬಂದರಿನಲ್ಲಿ ಯಾರಾದರೂ ಹೇಡಿ ಅನ್ನುತ್ತಾರಾ?

ಪ್ರಕೃತಿ ನಿಯಮ ಅನ್ನುವ ಹಳೆಯ ವಿಚಾರ ಒಂದಿದೆ. ರಾಜ ಬರೆದಿಡದಿದ್ದರೂ ಯೋಚಿಸುವ ಮನುಷ್ಯನಿಗೆ ತಾನಾಗಿ ತಿಳಿಯುವ ಸರಿ ತಪ್ಪು ಅದು. 13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಅದನ್ನು ಬಿಡಿಸಿ ಹೇಳುವಾಗ, ಜೀವ ಉಳಿಸಿಕೊಳ್ಳುವ ಒಲವನ್ನೇ ಮೊದಲು ಇಟ್ಟ. ಇರುವೆಗೂ ಆ ಒಲವಿದೆ. ಮನುಷ್ಯನಿಗೆ ಮಾತ್ರ ಅದು ಕರ್ತವ್ಯವೂ ಹೌದು.

ಹಾಗಾದರೆ ಇದು ಸ್ವಾರ್ಥ ಅಲ್ವಾ? ಛಾಂದೋಗ್ಯ ಉಪನಿಷತ್ತಿನ ಉಷಸ್ತಿ ಎಂಬ ಋಷಿಯನ್ನು ನೆನೆಯಿರಿ. ಕುರುದೇಶದ ಬೆಳೆ ಹಾಳಾಗಿತ್ತು. ಹಸಿದ ಉಷಸ್ತಿ ಒಬ್ಬನ ಎಂಜಲು ಕಾಳನ್ನು ಬೇಡಿ ತಿಂದ. ಎಂಜಲು ನೀರು ಕೊಟ್ಟರೆ ಒಲ್ಲೆ ಅಂದ. ಕಾಳು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರು ಬೇರೆ ಕಡೆ ಸಿಗುತ್ತದೆ ಅಂದ. ಜೀವಕ್ಕೆ ಎಷ್ಟು ಬೇಕೋ ಅಷ್ಟೇ. ಒಂದು ಗುಟುಕೂ ಜಾಸ್ತಿ ಇಲ್ಲ! ನಮ್ಮ ಕೊನೆಗೌಡನೂ ಕೆಲಸ ಬಿಡಲಿಲ್ಲ, ಆ ಒಂದು ದಿನ ಬಿಟ್ಟ.

ನನ್ನನ್ನು ಜಾಸ್ತಿ ಚುಚ್ಚಿದ್ದು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 1689ರಲ್ಲಿ ಅಚ್ಚಾದ ಪುಸ್ತಕದಲ್ಲಿ ಹೇಳಿದ್ದು. ಪ್ರತಿಯೊಬ್ಬನೂ ತನ್ನ ಜೀವ ಕಾಪಾಡಿಕೊಳ್ಳಬೇಕು. ತನ್ನ ಜೀವಕ್ಕೆ ಕುತ್ತಿಲ್ಲದಾಗ ಉಳಿದವರನ್ನೂ ಆದಷ್ಟು ಕಾಪಾಡಬೇಕು. ಅವತ್ತು ನಾನು ಕೊಡೆ ಹಿಡಿದು ನೆಲದ ಮೇಲೆ ನಿಂತಿದ್ದೆ. ನನ್ನ ಜೀವಕ್ಕೆ ಯಾವ ಕುತ್ತೂ ಇರಲಿಲ್ಲ. ಹೋಗುವುದಿದ್ದರೆ ಒಂದು ಬ್ಯಾರಲ್ ಮದ್ದು, ಒಂದಿಷ್ಟು ಅಡಿಕೆ. 'ಬೇಡ' ಅನ್ನಬೇಕಾದವ ನಾನಾಗಿದ್ದೆ.

ಕೊನೆಗೌಡನಿಗಾದರೂ 'ಹತ್ತೂದಿಲ್ಲ' ಅನ್ನುವುದು ಸುಲಭವಾಗಿರಲಿಲ್ಲ. ಕೂಲಿ ತಪ್ಪಿದರೆ ಮನೆಗೆ ಅಕ್ಕಿ ಬರುವುದಿಲ್ಲ. ಅದೂ ಜೀವದ ಪ್ರಶ್ನೆಯೇ. ಹಸಿದವನಿಗೆ ಎಚ್ಚರಿಕೆಯ ಪಾಠ ಹೇಳಿ ಸುಮ್ನೆ ಕೂರುವುದು ನ್ಯಾಯವಲ್ಲ.

ಈಗ ಮರ ಹಸಿಯಿದ್ದ ದಿನ ಬಂದವರಿಗೆ ಚಾ ಕೊಟ್ಟು, ಅರ್ಧ ಕೂಲಿ ಕೈಗಿಟ್ಟು ಕಳಿಸುತ್ತೇನೆ. ಅವರು ಬರುವ ಮೊದಲೇ ತೋಟಕ್ಕೆ ಇಳಿದು, ನಾಲ್ಕು ಮರ ಸವರಿ ನೋಡುತ್ತೇನೆ.

ನಮಸ್ಕಾರ.