ಮೂವತ್ತು ಜನರ ಕೋಟೆ

ಶ್ರೋತೃಗಳಿಗೆ ನಮಸ್ಕಾರ.

ವೇಲ್ಸ್ ದೇಶದ ಉತ್ತರ ಕರಾವಳಿಯಲ್ಲಿ ಕಾನ್ವಿ ಎಂಬ ಊರಿದೆ. ಅಲ್ಲಿನ ಕೋಟೆಯ ಕಾವಲಿಗೆ ಎಷ್ಟು ಜನ ಇರತಕ್ಕದ್ದೆಂದು ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ 1284ರಲ್ಲಿ ಗೊತ್ತುಮಾಡಿದ: ಒಟ್ಟು 30 ಜನ. ಅವರಲ್ಲಿ 15 ಮಂದಿ ಅಡ್ಡಬಿಲ್ಲುಗಾರರು. ಒಬ್ಬ ಪಾದ್ರಿ, ಒಬ್ಬ ಕಲ್ಲುಕುಟಿಗ, ಒಬ್ಬ ಬಡಗಿ, ಒಬ್ಬ ಕಮ್ಮಾರ, ಆಯುಧಗಳನ್ನು ಸರಿಪಡಿಸುವವನೊಬ್ಬ. ಮಿಕ್ಕವರು ಬಾಗಿಲು ಕಾಯುವವರು, ಗಸ್ತಿನವರು, ಊಳಿಗದವರು. ಎಂಟು ದೊಡ್ಡ ಬುರುಜುಗಳ, ಊರಿನ ಗೋಡೆಯೂ ಸೇರಿ ಸುಮಾರು 15,000 ಪೌಂಡು ಖರ್ಚು ತಗುಲಿದ ಕೋಟೆಗೆ ಇದ್ದ ಪಡೆ ಇಷ್ಟೇ. ಮಧ್ಯಯುಗದ ಕೋಟೆಯ ರಚನೆಯನ್ನು ತಿಳಿಯಬೇಕಾದರೆ ಈ 30ರ ಲೆಕ್ಕದಿಂದಲೇ ಹೊರಡುವುದು ಒಳ್ಳೆಯದು ಎಂದು ನನಗೆ ತೋರುತ್ತದೆ.

1282ರ ಡಿಸೆಂಬರಿನಲ್ಲಿ ವೇಲ್ಸಿನ ರಾಜಕುಮಾರ ಲ್ಯೂವೆಲಿನ್ ಹತನಾದ ಮೇಲೆ ಎಡ್ವರ್ಡನಿಗೆ ನಾಡೇನೋ ದಕ್ಕಿತು. ಆದರೆ ಬೆಟ್ಟಗಾಡಿನ ಆ ನಾಡಿನಲ್ಲಿ ದೊಡ್ಡ ಸೈನ್ಯವನ್ನು ಸದಾಕಾಲ ಇರಿಸಿ ಸಾಕುವುದು ಅವನಿಂದ ಆಗುವ ಮಾತಾಗಿರಲಿಲ್ಲ. ಕೆಲವೇ ಜನರು ಹಿಡಿದು ನಿಲ್ಲಬಲ್ಲ ಕೋಟೆಗಳನ್ನು ಸಮುದ್ರದ ಅಂಚಿನಲ್ಲಿ ಸಾಲಾಗಿ ಕಟ್ಟಿಸುವುದು ಅವನು ಕಂಡುಕೊಂಡ ದಾರಿ. ಕಾನ್ವಿ, ಕೆರ್ನಾರ್ವನ್, ಹಾರ್ಲೆಕ್ ಈ ಮೂರಕ್ಕೂ 1283ರಲ್ಲಿಯೇ ಕೆಲಸ ಶುರುವಾಯಿತು. ಮುಖ್ಯ ಶಿಲ್ಪಿ ಆಲ್ಪ್ಸ್ ಪರ್ವತದ ಕಡೆಯ ಸವಾಯ್ ಪ್ರಾಂತ್ಯದಿಂದ ಬಂದ ಸೇಂಟ್ ಜಾರ್ಜಿನ ಜೇಮ್ಸ್. ಕಾನ್ವಿಯ ಬುರುಜುಗಳನ್ನು ಇಂದು ಹತ್ತಿರ ನಿಂತು ನೋಡಿದರೆ, ಗೋಡೆಯ ಮೈಮೇಲೆ ಸುತ್ತುಸುತ್ತಾಗಿ ಓರೆಯಾಗಿ ಮೇಲೇರುತ್ತ ಹೋಗುವ ತೂತುಗಳ ಸಾಲು ಕಾಣುತ್ತದೆ. ಸಾರವೆಯ ಮರಗಳನ್ನು ತೂರಿಸಿದ್ದ ತೂತುಗಳವು. ಏಣಿಯ ಮೇಲೆ ಕಲ್ಲು ಹೊರುವ ಬದಲು ಬುರುಜನ್ನು ಬಳಸಿ ಏರುವ ಇಳಿಜಾರಿನ ದಾರಿಯಲ್ಲಿ ಅದನ್ನು ಸಾಗಿಸುವ ಈ ಪದ್ಧತಿ ಸವಾಯ್ ಕಡೆಯದು.

ಇನ್ನು ವಿನ್ಯಾಸ. ಬುರುಜುಗಳು ದುಂಡಗೆ ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿರುವುದರಿಂದ, ಗೋಡೆಯ ಬುಡಕ್ಕೆ ಬಂದ ಶತ್ರುವಿನ ಮೇಲೆ ಎರಡು ಬದಿಯಿಂದಲೂ ಬಾಣ ಬಿಡಬಹುದು. ಹತ್ತು ಜನರ ಕೆಲಸವನ್ನು ಇಬ್ಬರು ಮಾಡಬಹುದು. ಹಾರ್ಲೆಕ್‌ನಲ್ಲಿ ಒಳಗೋಡೆಯ ಸುತ್ತ ತಗ್ಗಾದ ಹೊರಗೋಡೆಯೊಂದಿದ್ದು, ಒಳಗೋಡೆಯವರು ಹೊರಗೋಡೆಯಲ್ಲಿದ್ದ ತಮ್ಮವರ ತಲೆಯ ಮೇಲಿಂದಲೇ ಬಾಣ ಹೊಡೆಯಬಹುದಿತ್ತು. ಆ ಕೋಟೆಯ ಅತಿ ಗಟ್ಟಿಯಾದ ಭಾಗ ಅದರ ಹೆಬ್ಬಾಗಿಲೇ. ಅದರ ಓಣಿಯಲ್ಲಿ ಒಂದರ ಹಿಂದೆ ಒಂದರಂತೆ ಮೇಲಿಂದ ಇಳಿಬಿಡುವ ಜಾಲರಿ ಬಾಗಿಲುಗಳಿದ್ದವು. ಆ ಬಾಗಿಲುಗಳ ಮೇಲಿನ ಅಂತಸ್ತಿನಲ್ಲಿಯೇ ಕಿಲ್ಲೇದಾರನ ವಾಸ. ಕೋಟೆ ನಿಂತಿರುವ ಬಂಡೆಯ ತುದಿಯಿಂದ ಸಮುದ್ರಕ್ಕೆ ಇಳಿಯುವ ಭದ್ರವಾದ ಮೆಟ್ಟಿಲುದಾರಿಯೂ ಅಲ್ಲಿತ್ತು. ಆಗ ಸಮುದ್ರ ಬಂಡೆಯ ಸಮೀಪದವರೆಗೂ ಬರುತ್ತಿತ್ತು. ಈಗ ಬಹಳ ಹಿಂದೆ ಸರಿದಿದೆ. ಕೆರ್ನಾರ್ವನ್‌ನಲ್ಲಿ ಮಾತ್ರ ಬುರುಜುಗಳು ಕೋನಕೋನವಾಗಿವೆ, ಗೋಡೆಗೆ ಬಣ್ಣಬಣ್ಣದ ಕಲ್ಲಿನ ಪಟ್ಟೆಗಳಿವೆ. ಅಲ್ಲಿ ರಕ್ಷಣೆಗಿಂತ ರಾಜಠೀವಿಯ ಕಡೆಗೇ ದೊರೆಯ ಗಮನ ಹೆಚ್ಚಿತ್ತೆಂದು ಕಾಣುತ್ತದೆ.

ಒಳಗಿನ ಬದುಕು ಬಹುಪಾಲು ಮಂಕಾದದ್ದು. ಕಾನ್ವಿಯ ಕಿಲ್ಲೇದಾರನಿಗೆ ಸಲ್ಲುತ್ತಿದ್ದ ವರ್ಷದ 190 ಪೌಂಡಿನಲ್ಲಿಯೇ ಆ ಮೂವತ್ತು ಜನರ ಖರ್ಚೂ ನಡೆಯಬೇಕಿತ್ತು. ಕೋಟೆಯ ಒಳಗೆ ಸುಮಾರು 90 ಅಡಿ ಆಳದ ಬಾವಿ, ಅಡುಗೆಮನೆ, ದೊಡ್ಡ ಹಜಾರ, ಪ್ರಾರ್ಥನಾ ಮಂದಿರ ಎಲ್ಲ ಇದ್ದವು. ಹೊರಗೋಡೆಗಳಿಗೆ ಸುಣ್ಣ ಬಳಿದಿದ್ದರು. ಅದರ ಕುರುಹು ಅಲ್ಲಲ್ಲಿ ಇಂದಿಗೂ ಉಳಿದಿದೆ. ಒಳಕೋಟೆಯಲ್ಲಿ ರಾಜ ರಾಣಿಯರಿಗೆಂದು ಕಟ್ಟಿಸಿದ ಕೋಣೆಗಳು ವರ್ಷಗಟ್ಟಲೆ ಖಾಲಿ ಬಿದ್ದಿರುತ್ತಿದ್ದವು. ಊರಗೋಡೆಯ ದಕ್ಷಿಣ ಭಾಗದಲ್ಲಿ ಸಾಲಾಗಿ ಹೊರಚಾಚಿರುವ 12 ಶೌಚಗೂಡುಗಳು ಅರಮನೆಯ ಲೆಕ್ಕಪತ್ರದ ಸಿಬ್ಬಂದಿಗಾಗಿ ಕಟ್ಟಿಸಿದವು. ದೊರೆ ಬಂದಾಗ ಎಷ್ಟು ಗುಮಾಸ್ತರು ಅವನ ಬೆನ್ನಿಗಿರುತ್ತಿದ್ದರೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ಗೋಡೆಯ ಒಳಗಿನ ಊರು ಇಂಗ್ಲೆಂಡಿನಿಂದ ಕರೆತಂದ ಒಕ್ಕಲಿನವರದು. ಆ ಜಾಗದಲ್ಲಿ ಮೊದಲು ವೇಲ್ಸಿನ ರಾಜರು ಪೋಷಿಸಿದ ಸನ್ಯಾಸಿಗಳ ಮಠವಿತ್ತು. ಅದನ್ನು ಎಡ್ವರ್ಡ್ ಎಬ್ಬಿಸಿ ಮೇನನ್ ಎಂಬಲ್ಲಿಗೆ ಸಾಗಹಾಕಿದ.

1294ರಲ್ಲಿ ಮ್ಯಾಡಾಗ್ ಎಂಬವನ ನೇತೃತ್ವದಲ್ಲಿ ವೇಲ್ಸ್ ದಂಗೆಯೆದ್ದಾಗ ಈ ಲೆಕ್ಕಾಚಾರದ ಪರೀಕ್ಷೆ ನಡೆಯಿತು. ಗೋಡೆ ಪೂರ್ತಿಯಾಗದಿದ್ದ ಕೆರ್ನಾರ್ವನ್ ದಂಗೆಕೋರರ ವಶವಾಯಿತು. ಆದರೆ ಹಾರ್ಲೆಕ್ 37 ಜನರ ಕೈಯಲ್ಲಿ, ಐರ್ಲೆಂಡಿನಿಂದ ಹಡಗಿನಲ್ಲಿ ಬಂದ ದಿನಸಿಯ ಬಲದಿಂದ, ಉಳಿದುಕೊಂಡಿತು. ದಂಗೆ ಅಡಗಿದ ಕೂಡಲೆ, 1295ರಲ್ಲಿ, ಆಂಗ್ಲ್ಸಿ ದ್ವೀಪದಲ್ಲಿ ಬೊಮಾರಿಸ್ ಕೋಟೆಗೆ ಅಡಿಪಾಯ ಹಾಕಿಸಿದರು. ವಿನ್ಯಾಸದ ದೃಷ್ಟಿಯಿಂದ ಎಲ್ಲಕ್ಕಿಂತ ಪರಿಪೂರ್ಣವಾದದ್ದು ಇದು. ಮರುವರ್ಷ ಜೇಮ್ಸ್ ರಾಜನ ಖಜಾನೆಗೆ ಬರೆದ ಕಾಗದವೊಂದು ಉಳಿದುಬಂದಿದೆ: 400 ಕಲ್ಲುಕುಟಿಗರು, 2,000 ಕೂಲಿಗಳು, 200 ಕಲ್ಲುಗಣಿಯವರು, 100 ಬಂಡಿ, 30 ದೋಣಿ ಬೇಕೆಂದೂ, ಬಟವಾಡೆ ಬಾಕಿ ಬಿದ್ದಿರುವುದರಿಂದ ಕೆಲಸದವರಿಗೆ ಹೊಟ್ಟೆಗಿಲ್ಲವೆಂದೂ ಅದರಲ್ಲಿ ಬರೆದಿದ್ದಾನೆ. ಅಷ್ಟರಲ್ಲಿ ದೊರೆಯ ಹಣವೆಲ್ಲ ಫ್ರಾನ್ಸ್ ಮತ್ತು ಸ್ಕಾಟ್ಲೆಂಡಿನ ಯುದ್ಧಗಳತ್ತ ಹರಿಯತೊಡಗಿತ್ತು. ಬೊಮಾರಿಸ್‌ನ ಬುರುಜುಗಳು ಉದ್ದೇಶಿಸಿದ ಎತ್ತರಕ್ಕೆ ಏರಲೇ ಇಲ್ಲ.

ಕಡಿಮೆ ಜನರ ಕೋಟೆಗೆ ಇರುವ ಅಪಾಯ 1401ರ ಏಪ್ರಿಲ್ 1ರಂದು, ಗುಡ್ ಫ್ರೈಡೆಯ ದಿನ, ಕಾನ್ವಿಯಲ್ಲಿ ಬಯಲಾಯಿತು. ಆ ಕಾಲಕ್ಕೆ ಕಾವಲಿನವರು 75 ಮಂದಿಯಾಗಿದ್ದರು. ಆದರೆ ಅಂದು ಅವರು ಊರಿನ ಇಗರ್ಜಿಯಲ್ಲಿ ಪೂಜೆಗೆ ಕೂತಿದ್ದರು. ಕೋಟೆಯಲ್ಲಿ ಇಬ್ಬರೇ ಕಾವಲುಗಾರರು. ಎಂದಿನಂತೆ ಕೆಲಸಕ್ಕೆ ಬಂದ ಬಡಗಿಯಂತೆ ಒಬ್ಬ ಬಾಗಿಲಿಗೆ ಬಂದು, ಒಳಗೆ ಬಿಟ್ಟೊಡನೆ ಅವರಿಬ್ಬರನ್ನೂ ಕೊಂದ. ಇಂಗ್ಲಿಷರ ವಿರುದ್ಧ ದಂಗೆಯೆದ್ದಿದ್ದ ವೇಲ್ಸಿನ ನಾಯಕ ಓವೆನ್ ಗ್ಲಿಂಡೂರ್‌ನ ಕಡೆಯವರಾದ ರೀಸ್ ಮತ್ತು ಗ್ವಿಲಿಮ್ ಎಂಬ ಸೋದರರು ಸುಮಾರು 40 ಜನರೊಡನೆ ಒಳಗೆ ಸೇರಿ ಬಾಗಿಲು ಹಾಕಿಕೊಂಡರು. ಮರಳಿ ಗೆಲ್ಲಲು ಬಂದ ಇಂಗ್ಲಿಷ್ ಸೇನಾನಿ ಹೆನ್ರಿ ಪರ್ಸಿಯ ಪಡೆ ಇಂಗ್ಲಿಷರೇ ಕಟ್ಟಿದ ಗೋಡೆಯ ಹೊರಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಕೊನೆಗೆ ಸಂಧಾನ ನಡೆದು, ಒಳಗಿನವರು ತಮ್ಮಲ್ಲಿನ ಒಂಬತ್ತು ಮಂದಿಯನ್ನು ಮರಣದಂಡನೆಗೆ ಒಪ್ಪಿಸಿ, ಮಿಕ್ಕವರು ಕ್ಷಮಾದಾನ ಪಡೆದು ಹೊರಬಂದರು.

ನಮಸ್ಕಾರ.