ಇಬ್ಬರು ಹೇಳಿದ್ರ ಮುಗೀತೇನ್ರಿ?

ಎಲ್ಲಾರಿಗೂ ನಮಸ್ಕಾರ್ರಿ. ಚರ್ಚಿನಾಗ ಯಾರ ಮ್ಯಾಲರ ಆರೋಪ ಬಂದಾಗಿನ ಮಾತಿದು. ಹೋದ ವಿಡಿಯೋದ ಕೆಳಗ ಒಬ್ಬರು ಬರದಾರ: "ಇಬ್ಬರು ಸಾಕ್ಷಿ ಹೇಳಿದ ಮ್ಯಾಲೆ ಇನ್ನೇನು ವಿಚಾರಣಿ? ಎರಡು ಸಾಕ್ಷಿ ಸಾಕಂತ ಬೈಬಲ್ಲೇ ಹೇಳೈತಿ." ಅದಕ್ಕ ಲೈಕ್ ಬ್ಯಾರೆ! ಇದಕ್ಕ ಉತ್ತರ ಕೊಡದ ಬಿಡೂದಿಲ್ಲ.

ಧರ್ಮೋಪದೇಶಕಾಂಡ 19 ತೆಗೀರಿ. 15ನೇ ವಚನ: ಒಬ್ಬನ ಮಾತಿನ ಮ್ಯಾಲೆ ಯಾರನ್ನೂ ಅಪರಾಧಿ ಅನ್ನಬ್ಯಾಡ್ರಿ, ಇಬ್ಬರು ಮೂವರು ಬೇಕು. ಇಷ್ಟು ಓದಿ ಪುಸ್ತಕ ಮುಚ್ಚತೀರಿ. 18ಕ್ಕ ಬರ್ರಿ. ನ್ಯಾಯಾಧಿಪತಿಗಳು ಚೆನ್ನಾಗಿ ವಿಚಾರಿಸಬೇಕು ಅಂತೈತಿ. ಸಾಕ್ಷಿ ಸುಳ್ಳಾದ್ರ, ಇನ್ನೊಬ್ಬಗ ಏನು ಮಾಡಾಕ ಹೊಂಟಿದ್ನೋ ಅದನ್ನ ಅವಗ ಮಾಡ್ರಿ ಅಂತೈತಿ. ಇಬ್ಬರು ಅನ್ನೂದು ವಿಚಾರಣಿ ಶುರು ಮಾಡಾಕ. ಮುಗಸಾಕ ಅಲ್ಲ.

1810ರಾಗ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಬೈಬಲ್ಲನ್ನ ಕನ್ನಡಕ್ಕ ತರಾಕ ದುಡಿದ ಊರು ನಮ್ಮ ಬಳ್ಳಾರಿ. ಇಲ್ಲೆ ಕುಂತು ಅರ್ಧ ಅಧ್ಯಾಯ ಓದಿ ತೀರ್ಪು ಕೊಡ್ತೀರೇನು?

ನಾಬೋತನ್ನ ಕೊಂದದ್ದು ಹೆಂಗ? 1 ಅರಸುಗಳು 21. ರಾಜ ಅಹಾಬಗ ನಾಬೋತನ ದ್ರಾಕ್ಷಿ ತ್ವಾಟ ಬೇಕಿತ್ತು, ಅವ ಕೊಡಲಿಲ್ಲ. ರಾಣಿ ಈಜೆಬೆಲ್ ರಾಜನ ಹೆಸರಿನಾಗ ಪತ್ರ ಬರದು, ರಾಜಮುದ್ರಿ ಒತ್ತಿ, ಊರ ಹಿರಿಯರಿಗೆ ಕಳಿಸಿದ್ಲು: ಉಪವಾಸ ಸಾರ್ರಿ, ನಾಬೋತನ್ನ ಜನರ ಮುಂದ ಕುಂದರಸ್ರಿ, ಎದುರಿಗೆ ಇಬ್ಬರು ದುಷ್ಟರನ್ನ ಕುಂದರಸ್ರಿ. ಲೆಕ್ಕ ಸರಿ ಐತಿ ನೋಡ್ರಿ, ಇಬ್ಬರು! "ದೇವರನ್ನೂ ರಾಜನನ್ನೂ ಶಪಿಸ್ಯಾನ" ಅಂದ್ರು. ಯಾವಾಗ, ಎಲ್ಲೆ, ಮತ್ಯಾರು ಕೇಳ್ಯಾರ? ಒಬ್ಬ ಹಿರಿಯನೂ ಬಾಯಿ ತೆಗೀಲಿಲ್ಲ. ಊರ ಹೊರಗ ಒಯ್ದು ಕಲ್ಲೆಸೆದು ಕೊಂದ್ರು. ದ್ರಾಕ್ಷಿ ತ್ವಾಟ ಅಹಾಬನ ಪಾಲಾತು.

ಈಗ ಸುಸನ್ನ, ತ್ವಾಟದಾಗ ಮರದ ಕೆಳಗ ಪರಪುರುಷನ ಜತಿಗೆ ಇದ್ಲು ಅಂತ ಸುಳ್ಳು ಆಪಾದನಿ ಹೊತ್ತಾಕಿ. ಕಥೋಲಿಕ ಬೈಬಲ್‌ನಾಗ ದಾನಿಯೇಲ 13. ಆಪಾದನಿ ಮಾಡಿದವರೇ ಹಿರಿಯರು, ನ್ಯಾಯಾಧಿಪತಿಗಳು, ಅದಕ್ಕ ಸಭೆ ನಂಬಿಬಿಟ್ಟಿತು. ದಾನಿಯೇಲ ಇಬ್ಬರನ್ನೂ ದೂರದೂರ ನಿಲ್ಲಿಸಿ ಒಂದೇ ಪ್ರಶ್ನಿ ಕೇಳಿದ: ಯಾವ ಮರದ ಕೆಳಗ? ಒಬ್ಬ ಮಾಸ್ಟಿಕ್ ಅಂದ, ಇನ್ನೊಬ್ಬ ಓಕ್ ಅಂದ. ಅಷ್ಟ! ಆಕಿ ಜೀವ ಉಳೀತು. "ಅದು ನಮ್ಮ ಬೈಬಲ್‌ನಾಗಿಲ್ಲ" ಅಂತ ಬರಬ್ಯಾಡ್ರಿ. ನಿಮ್ಮ ಮಾರ್ಕ 14 ಓದ್ರಿ. ಯೇಸುವಿನ ವಿರುದ್ಧ ಹೇಳಿದವರ ಮಾತು ಒಂದಕ್ಕೊಂದು ಕೂಡಲಿಲ್ಲ ಅಂತ ಎರಡು ಸಲ ಐತಿ. ಆದ್ರೂ ಮರಣಕ್ಕ ತಕ್ಕವನು ಅಂದ್ರು.

ಸಭೆಯ ಕಮಿಟಿಯವರು ಬರಕೊಳ್ರಿ. ಸಾಕ್ಷಿಗಳನ್ನ ಒಂದ ದಿನ ಕರೀರಿ, ಬ್ಯಾರೆ ಬ್ಯಾರೆ ಕೋಣಿಯಾಗ ಕುಂದರಸ್ರಿ, ಫೋನ್ ಹೊರಗ ಇಡಸ್ರಿ. ಪ್ರಶ್ನಿ ಮೊದಲೇ ಬರದು ಇಬ್ಬರಿಗೂ ಅವನ್ನ ಕೇಳ್ರಿ: ಯಾವ ದಿನ, ಎಷ್ಟೊತ್ತಿಗೆ, ನೀವು ಎಲ್ಲೆ ನಿಂತಿದ್ರಿ, ಜತಿಗೆ ಯಾರಿದ್ರು, ಕಣ್ಣಾರೆ ಕಂಡದ್ದೋ ಯಾರರ ಹೇಳಿದ್ದೋ? "ಅವನು ರೊಕ್ಕ ತಗೊಂಡಿದ್ದು ನೋಡಿದ್ರಲ್ಲ?" ಅಂತ ಕೇಳಬ್ಯಾಡ್ರಿ, ಉತ್ತರ ನೀವ ಹೇಳಿಕೊಟ್ಟಂಗ ಆಗತೈತಿ. ಅವರು ಅಂದದ್ದನ್ನ ಬರದು ಓದಿ ಹೇಳಿ ಸೈನ್ ಮಾಡಸ್ರಿ. ಆಮ್ಯಾಲೆ ಆರೋಪ ಹೊತ್ತವಗ ಅದರ ಪ್ರತಿ ಕೊಟ್ಟು, ಟೈಮ್ ಕೊಟ್ಟು, ಅವನ ಮಾತೂ ಕೇಳ್ರಿ. ಒಬ್ಬನ ಮಾತು ಕೇಳದ ನಮ್ಮ ಧರ್ಮಶಾಸ್ತ್ರ ತೀರ್ಪು ಕೊಡತೈತೇನು ಅಂತ ನಿಕೊದೇಮ ಕೇಳಿದ್ದು ಇದನ್ನ, ಯೋಹಾನ 7:51.

ಕೆಡೂದು ಎಲ್ಲೆ ಗೊತ್ತೇನ್ರಿ? ವಾಟ್ಸಾಪ್ ಗ್ರೂಪಿನಾಗ. ಒಬ್ಬ ಬರದದ್ದನ್ನ ಓದಿ ಹತ್ತು ಮಂದಿ ಅದನ್ನ ಹೇಳಿದ್ರ ಅದು ಹತ್ತು ಸಾಕ್ಷಿ ಅಲ್ಲ, ಒಂದ! ಬಹುಮಂದಿ ಹಿಂದ ಹೋಗಿ ನ್ಯಾಯ ಕೆಡಿಸಬ್ಯಾಡ್ರಿ ಅಂತ ವಿಮೋಚನಕಾಂಡ 23:2 ಐತಿ. ಈ ವಿಡಿಯೋನೂ ಅದ ಗ್ರೂಪಿಗೆ ಕಳಸ್ರಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡ್ರಿ.

"ಹಿಂಗಾದ್ರ ತಪ್ಪು ಮಾಡಿದವರು ತಪ್ಪಿಸ್ಕೊಂತಾರ" ಅಂತೀರಿ. ಯಾಕ ತಪ್ಪಿಸ್ಕೊಂತಾರ? ಶಿಕ್ಷೆ ಬ್ಯಾಡ ಅಂದ್ನೇನು? ವಿಚಾರಸ್ರಿ ಅಂದೆ! ಮಕ್ಕಳ ಮ್ಯಾಲಿನ ದೌರ್ಜನ್ಯದಂಥ ದೂರಾದ್ರ ಕಮಿಟಿ ಕುಂದರೂದ ಬ್ಯಾಡ, ಸೀದಾ ಪೊಲೀಸರ ಹತ್ರ ಹೋಗ್ರಿ. "ಬಡವನ ಪರ ಇರಬೇಕಲ್ಲ?" ಬಡವ ಅಂತ ವ್ಯಾಜ್ಯದಾಗ ಪಕ್ಷಪಾತ ಮಾಡಬ್ಯಾಡ್ರಿ ಅಂತ 23:3, ಬಡವನ ನ್ಯಾಯ ತಿರುಚಬ್ಯಾಡ್ರಿ ಅಂತ 23:6. ಎರಡೂ ಐತಿ. ವಿಚಾರಸ್ರಿ! ಹಿರಿಯರು ಹೇಳ್ಯಾರ? ವಿಚಾರಸ್ರಿ. ಪಾಸ್ಟರ್ ಹೇಳ್ಯಾರ? ವಿಚಾರಸ್ರಿ. ಇಡೀ ಊರು ಹೇಳೈತಿ? ಊರನ್ನೂ ವಿಚಾರಸ್ರಿ!

ಮುಂದಿನ ವಿಡಿಯೋ ಅಪೊಸ್ತಲರ ಕೃತ್ಯಗಳು 16. ವಿಚಾರಣಿ ಇಲ್ಲದ ಎಲ್ಲಾರ ಮುಂದ ಹೊಡದು ಜೈಲಿಗೆ ಹಾಕಿ, ಮರುದಿನ ಗುಟ್ಟಾಗಿ ಹೋಗು ಅಂದ್ರ ಪೌಲ ಹೋಗಲಿಲ್ಲ. ಅಧಿಕಾರಿಗಳೇ ಬಂದು ಕರಕೊಂಡು ಹೋಗ್ಲಿ ಅಂದ. ಅವರು ಬರಬೇಕಾತು. ಶನಿವಾರ ರಾತ್ರಿ ಹಾಕ್ತೀನಿ, ಬೆಲ್ ಒತ್ತಿ ಇಟ್ಕೊಳ್ರಿ.