ನಾಲಿಗೆ ಇಲ್ಲದವನ ಕತೆ ಯಾರು ಹೇಳಬೇಕು?

ಕೇಳುಗರಿಗೆ ನಮಸ್ಕಾರ.

ಅಧಿಕಾರ ಅಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಸಿಂಹಾಸನ, ಲಾಠಿ, ಬಂದೂಕು, ಅಲ್ವಾ? ಆಧುನಿಕೋತ್ತರ ಕಾದಂಬರಿಗಳಲ್ಲಿ, ಅಂದರೆ ಕತೆ ಹೇಳುವ ರೀತಿಯನ್ನೇ ಅನುಮಾನದಿಂದ ನೋಡುವ ಈಚಿನ ಕಾದಂಬರಿಗಳಲ್ಲಿ, ಆ ರಾಜನೇ ಕೈಗೆ ಸಿಗುವುದಿಲ್ಲ. ಅಮೆರಿಕದ ಥಾಮಸ್ ಪಿಂಚನ್ 1973ರಲ್ಲಿ ಪ್ರಕಟಿಸಿದ 'ಗ್ರಾವಿಟೀಸ್ ರೇನ್‌ಬೋ' ಕಾದಂಬರಿಯಲ್ಲಿ ಎಲ್ಲರನ್ನೂ ಆಡಿಸುವವರಿಗೆ ಸರಿಯಾದ ಹೆಸರೇ ಇಲ್ಲ, ಬರೀ 'ಅವರು'. ಫ್ರೆಂಚ್ ಚಿಂತಕ ಮಿಶೆಲ್ ಫುಕೋ 1975ರಲ್ಲಿ ಸೆರೆಮನೆಯ ಬಗ್ಗೆ ಬರೆದಾಗಲೂ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ನಡುವಿನ ಗೋಪುರದಲ್ಲಿ ಕಾವಲುಗಾರ ಇದ್ದಾನೋ ಇಲ್ಲವೋ ಕೈದಿಗೆ ಕಾಣುವುದಿಲ್ಲ, ಹಾಗಾಗಿ ಅವನು ತನಗೆ ತಾನೇ ಕಾವಲು ಕೂರುತ್ತಾನೆ.

ಈ ಗೋಪುರದ ಮಾತು ಎಲ್ಲರೂ ಆಡುತ್ತಾರೆ, ಬಿಡಿ. ನನ್ನನ್ನು ಜಾಸ್ತಿ ಕಾಡುವುದು ಕತೆ ಹೇಳುವವನ ಕೈಯಲ್ಲಿರುವ ಅಧಿಕಾರ.

ಡೇನಿಯಲ್ ಡಿಫೋ ಬರೆದ 1719ರ 'ರಾಬಿನ್‌ಸನ್ ಕ್ರೂಸೋ' ನೆನಪಿದೆಯಾ, ಹಡಗು ಒಡೆದು ದ್ವೀಪವೊಂದರಲ್ಲಿ ಒಂಟಿಯಾದವನ ಕತೆ? ದ್ವೀಪದಲ್ಲಿ ಸಿಕ್ಕವನಿಗೆ ಕ್ರೂಸೋ ತಾನೇ ಫ್ರೈಡೇ ಅಂತ ಹೆಸರಿಟ್ಟ, ತನ್ನ ಹೆಸರು 'ಒಡೆಯ' ಅಂತ ಕಲಿಸಿದ. ದಕ್ಷಿಣ ಆಫ್ರಿಕಾದ ಜೆ. ಎಂ. ಕುಟ್ಸೀ 1986ರಲ್ಲಿ 'ಫೋ' ಕಾದಂಬರಿಯಲ್ಲಿ ಇದೇ ಕತೆಯನ್ನು ಬಿಚ್ಚಿ ಮತ್ತೆ ಹೆಣೆದರು. ಇಲ್ಲಿ ಫ್ರೈಡೇಗೆ ನಾಲಿಗೆಯೇ ಇಲ್ಲ. ಕತ್ತರಿಸಿದ್ದು ಯಾರು? ಗುಲಾಮರ ವ್ಯಾಪಾರಿಗಳು ಅಂತ ಕ್ರೂಸೋ ಹೇಳುತ್ತಾನೆ, ಆದರೆ ಅವನ ಮಾತನ್ನು ಹೇಗೆ ನಂಬೋದು? ದ್ವೀಪದಿಂದ ಬದುಕಿ ಬಂದ ಸೂಸನ್ ಬಾರ್ಟನ್ ತನ್ನ ಕತೆ ಬರೆದುಕೊಡಿ ಅಂತ ಲೇಖಕ ಫೋ (ಅಂದರೆ ಡಿಫೋನೇ) ಬಳಿ ಹೋಗುತ್ತಾಳೆ. ಅವನಿಗೋ ಅವಳು ಕಂಡ ದ್ವೀಪ ಸಪ್ಪೆ ಅನ್ನಿಸುತ್ತದೆ, ಕಳೆದುಹೋದ ಮಗಳ ಕತೆ ಬೇಕಾಗಿದೆ. ತನ್ನ ಬದುಕು ತನ್ನ ಕೈ ತಪ್ಪುತ್ತಿದೆ ಅಂತ ಸೂಸನ್ ಜಗಳಕ್ಕೆ ನಿಲ್ಲುತ್ತಾಳೆ, ಸರಿಯೇ. ಆದರೆ ಅವಳೂ ಫ್ರೈಡೇ ಪರವಾಗಿ ತಾನೇ ಮಾತಾಡುತ್ತಿರುತ್ತಾಳಲ್ಲ! ಫೋ ತನಗೆ ಮಾಡಿದ್ದನ್ನೇ ಅವಳು, ಒಳ್ಳೆಯ ಮನಸ್ಸಿನಿಂದಲೇ, ಇವನಿಗೆ ಮಾಡುತ್ತಿದ್ದಾಳೆ.

ಸೂಸನ್ ಫ್ರೈಡೇಗೆ ಬರೆಯಲು ಕಲಿಸುವ ಒಂದು ದೃಶ್ಯವಿದೆ. ಸ್ಲೇಟಿನ ಮೇಲೆ ಅವನು ಅಕ್ಷರ ಬರೆಯುವುದಿಲ್ಲ, ಪಾದಗಳ ಮೇಲೆ ಕೂತ ಕಣ್ಣುಗಳನ್ನು ಸಾಲುಸಾಲಾಗಿ ಬಿಡಿಸುತ್ತಾನೆ. ನಡೆಯುವ ಕಣ್ಣುಗಳು. ಸೂಸನ್ 'ಇಲ್ಲಿ ಕೊಡು' ಅಂತ ಕೈ ಚಾಚುತ್ತಾಳೆ. ಅವನು ಕೊಡುವುದಿಲ್ಲ. ಬೆರಳಿಗೆ ಎಂಜಲು ಹಚ್ಚಿ ಎಲ್ಲವನ್ನೂ ಒರೆಸಿಬಿಡುತ್ತಾನೆ.

ಓದುಗರಾದ ನಾವೂ ಆಗ ಸೂಸನ್ ಪಕ್ಕದಲ್ಲೇ ನಿಂತಿರುತ್ತೇವೆ, ಆ ಚಿತ್ರಕ್ಕೆ ಅರ್ಥ ಏನಿರಬಹುದು ಅಂತ ಕೈ ಚಾಚಿಕೊಂಡು.

ನಮಸ್ಕಾರ.